ನಡುವಿನ ಹಲಗೆ

ನಾನು ಒಂದು ಚೀಟಿಪೆಟ್ಟಿಗೆ. ಈಗ ಕೀಲೆಲ್ಲ ಸಡಿಲವಾಗಿವೆ. ಯಾರಾದರೂ ಖಾನೆ ಎಳೆದರೆ ನರಳುತ್ತೇನೆ. ಎಳೆಯುವವರೂ ಯಾರೂ ಇಲ್ಲ, ಬಿಡಿ.

ಧಾರವಾಡದ ಮೌನಪ್ಪ ಬಡಿಗೇರ ಯಾರದೋ ಬಾಗಿಲಿಗೆ ತಂದ ಸಾಗವಾನಿಯಲ್ಲಿ ಉಳಿದ ತುಂಡುಗಳಿಂದ ನನ್ನನ್ನು ಮಾಡಿದ. ಮಾಡಿಸಿದವರು ರಾಚಪ್ಪ ಮಾಸ್ತರರು. ಅವರು ಇತಿಹಾಸ ಬರೆಯುತ್ತಿದ್ದರು, ಕಾದಂಬರಿ ಬರೆಯುತ್ತಿದ್ದರು, ಎರಡರಿಂದಲೂ ಬಿಡುವಾದಾಗ ಪತ್ರಿಕೆಗೆ ಖಾರವಾದ ಲೇಖನ ಬರೆದು ಊರವರ ವಿರೋಧ ಕಟ್ಟಿಕೊಳ್ಳುತ್ತಿದ್ದರು. ಒಂದೇ ತಲೆಗೆ ಮೂರು ಹೊರೆ.

“ನಡುವ ಹಲಗಿ ಗಟ್ಟಿ ಇರ್ಲಿ ಮೌನಪ್ಪಾ,” ಎಂದರು ಮಾಸ್ತರರು. “ಈ ಖಾನೇದು ಆ ಖಾನಿಗೆ ಹೋಗಬಾರ್ದು.”

“ಕಾಗದಕ್ಕ ಕಾಲ ಇರ್ತಾವೇನ್ರಿ ಸರ?” ಎಂದು ಮೌನಪ್ಪ ನಕ್ಕ. ನಕ್ಕರೂ ಹಲಗೆಯನ್ನು ಎರಡು ಬೆರಳು ದಪ್ಪವೇ ಇಟ್ಟ.

ಬಲಗಡೆಯ ಖಾನೆ ಇತಿಹಾಸಕ್ಕೆ. ಕಲ್ಲು, ತಾಮ್ರಪಟ, ಹಳೆಯ ಕಡತ ಹೇಳಿದ್ದಷ್ಟೇ ಅಲ್ಲಿಗೆ. ಎಡಗಡೆಯದು ಕಾದಂಬರಿಗೆ, ಅಂದರೆ ಮಾಸ್ತರರ ಮನಸ್ಸು ಹೇಳಿದ್ದಕ್ಕೆ. ಓಣಿಯಲ್ಲಿ ಯಾರ ಮದುವೆ ಮುಗಿದರೂ ಉಳಿದ ಲಗ್ನಪತ್ರಿಕೆಗಳು ನಮ್ಮ ಮನೆಗೆ ಬರುತ್ತಿದ್ದವು. ಮಾಸ್ತರರ ಹೆಂಡತಿ ನೀಲವ್ವ ಅವನ್ನು ಕತ್ತರಿಸಿ ಚೀಟಿ ಮಾಡುತ್ತಿದ್ದಳು. ಖಾಲಿ ಮಗ್ಗುಲಿಗೆ ಮಾಸ್ತರರು ಬರೆಯುತ್ತಿದ್ದರು. ಬರೆದ ಚೀಟಿಗಳನ್ನು ನನ್ನೊಳಗೆ ಜೋಡಿಸುವುದೂ ನೀಲವ್ವನ ಕೆಲಸವೇ. ಮೂಲೆಯಲ್ಲಿ ಊರು, ತಾರೀಕು ಇದ್ದರೆ ಬಲಕ್ಕೆ. ಮೂಲೆ ಖಾಲಿ ಇದ್ದರೆ ಎಡಕ್ಕೆ. ಮೂಲೆಯೊಂದನ್ನು ಬಿಟ್ಟು ಆಕೆ ಬೇರೇನೂ ಓದುತ್ತಿರಲಿಲ್ಲ.

ಒಂದು ಬೇಸಿಗೆ ಮಾಸ್ತರರು ಕೆಂಚನಕೆರೆಗೆ ಹೋಗಿ ಬಂದರು. ಅಲ್ಲಿಯ ಕೆರೆಯ ನೀರು ಬಿಡುವ ತೂಬಿನ ಮೇಲೊಂದು ಶಾಸನವಿತ್ತು. ಈ ತೂಬನ್ನು ಇಂಥವರು ಕಟ್ಟಿದರು ಎಂದಿತ್ತು, ಆದರೆ ಹೆಸರಿದ್ದ ಜಾಗದಲ್ಲಿ ಕಲ್ಲು ಚಕ್ಕೆ ಎದ್ದು ಹೋಗಿತ್ತು. ಯಾರಿದ್ದಿರಬಹುದು ಎಂಬ ಗುಂಗಿನಲ್ಲೇ ಮನೆಗೆ ಬಂದವರು, ಮುಂದಿಟ್ಟ ಚಹಾ ಆರುವಷ್ಟರಲ್ಲಿ ಒಂದು ಹೆಣ್ಣನ್ನು ಹುಟ್ಟಿಸಿಬಿಟ್ಟರು. ಹೊನ್ನವ್ವೆ, ಕಲ್ಲುಕುಟಿಗರ ಓಣಿಯವಳು. ಮೂರು ಸಲ ಕುಸಿದ ತೂಬಿಗೆ ನಾಲ್ಕನೆಯ ಸಲ ತಾನೇ ಕಲ್ಲು ಕಡೆದು ಕೂರಿಸಿದವಳು. ಮುಂದೆ ಯಾವುದಾದರೂ ಕಾದಂಬರಿಗೆ ಆದೀತೆಂದು ಚೀಟಿಯಲ್ಲಿ ಬರೆದಿಟ್ಟರು. ಆದರೆ ತಲೆಯಲ್ಲಿ ಊರು ತುಂಬಿತ್ತು. ಕೈ ತನ್ನ ಪಾಡಿಗೆ ಮೂಲೆಯಲ್ಲಿ ಕೆಂಚನಕೆರೆ ಎಂದು ಬರೆದು ತಾರೀಕು ಹಾಕಿತು. ನೀಲವ್ವ ಬಲಕ್ಕೆ ಹಾಕಿದಳು. ನಾನು ನುಂಗಿಕೊಂಡೆ. ಹಾಕಿದ್ದನ್ನು ನುಂಗುವುದಷ್ಟೇ ನನ್ನ ಹಣೆಬರಹ.

ಹನ್ನೊಂದು ವರ್ಷದ ಮೇಲೆ ಮಾಸ್ತರರ ದೊಡ್ಡ ಇತಿಹಾಸ ಗ್ರಂಥ ಹೊರಬಂತು. ತಾವೇ ಹುಟ್ಟಿಸಿದ್ದನ್ನು ಮರೆತು, ಬಲ ಖಾನೆಯ ಚೀಟಿಯನ್ನು ನಂಬಿ, ಅದರಲ್ಲಿ ಹೊನ್ನವ್ವೆಗೆ ಅರ್ಧ ಪುಟ ಕೊಟ್ಟಿದ್ದರು.

ಕೆಂಚನಕೆರೆಯಲ್ಲಿ ಕೆರೆ ತುಂಬಿದ ವರ್ಷ ಹೆಂಗಸರು ನೀರಿಗೆ ಬಾಗಿನ ಬಿಡುತ್ತಾರೆ. ಮೊದಲ ಬಾಗಿನ ಗೌಡರ ಮನೆಯದು. ಕಲ್ಲುಕುಟಿಗರ ಹೆಂಗಸರು ಎಲ್ಲರೂ ಹೋದ ಮೇಲೆ ಬರಬೇಕು. ಇದು ತಪ್ಪೆಂದು ಮಾಸ್ತರರು ಇಪ್ಪತ್ತು ವರ್ಷ ಲೇಖನ ಬರೆದಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಆ ಓಣಿಯ ಹಿರಿಯಳು ದುರಗವ್ವ ಅರ್ಧ ಪುಟ ಹಿಡಿದುಕೊಂಡು ಹೋಗಿ, ತೂಬು ನಮ್ಮವಳದು, ಮೊದಲ ಬಾಗಿನವೂ ನಮ್ಮದೇ ಎಂದಳು. ಅಚ್ಚಾದ ಮಾತಿಗೆ ಗೌಡರು ಸೋತರು. ಸುದ್ದಿ ಕೇಳಿದ ದಿನ ಮಾಸ್ತರರು ನನ್ನ ಬೆನ್ನ ಮೇಲೆ ತಾಳ ಹಾಕಿದ್ದರು. ನನ್ನ ಬಾಳಿನಲ್ಲಿ ಅಷ್ಟು ಸಂತೋಷದ ದಿನ ಇನ್ನೊಂದಿಲ್ಲ.

ಎರಡನೆಯ ಮುದ್ರಣದ ಹೊತ್ತು ಬಂತು. ಎಪ್ಪತ್ತು ದಾಟಿದ ಮಾಸ್ತರರು ಪ್ರತಿ ಚೀಟಿಯನ್ನೂ ಕಲ್ಲಿನ ಮೇಲೆ ಒತ್ತಿ ತೆಗೆದ ಶಾಸನದ ಅಚ್ಚಿಗೆ ಹಿಡಿದು ನೋಡತೊಡಗಿದರು. ಕೆಂಚನಕೆರೆಯ ಅಚ್ಚಿನಲ್ಲಿ ಹೆಸರೇ ಇಲ್ಲ. ನೀಲವ್ವನನ್ನು ಕರೆದು, ಹೊನ್ನವ್ವೆ ತಾವು ಹುಟ್ಟಿಸಿದ ಹೆಣ್ಣೆಂದು ಹೇಳಿದರು. ನನಗೂ ಆಗಲೇ ತಿಳಿದದ್ದು.

“ಯಾರಿಗೂ ಗೊತ್ತಿಲ್ಲ, ಸುಮ್ಕಿರ್ರಿ,” ಎಂದಳು ನೀಲವ್ವ. “ಆ ಹೆಣ್ಮಕ್ಕಳ ಬಾಗಿನ ಕಸ್ಕೋಬ್ಯಾಡ್ರಿ.”

ಮಾಸ್ತರರಿಗೆ ಅತ್ತ ದರಿ, ಇತ್ತ ಪುಲಿ. ವಾರ ಕಳೆದು ದುರಗವ್ವನಿಗೆ ಹೇಳಿಕಳಿಸಿದರು. ಅವಳು ಬಂದು ನನ್ನ ಪಕ್ಕದಲ್ಲೇ ಕೂತಳು. ಎಲ್ಲ ಕೇಳಿಸಿಕೊಂಡಳು.

“ಹೆಸರ ಸುಳ್ಳಂದ್ರ ಕಲ್ಲೂ ಸುಳ್ಳೇನ್ರಿ ಸರ?”

“ಕಲ್ಲ ಖರೇನ ಐತವ್ವ. ಯಾರ ಕೂರ್ಸಿದ್ರು ಅನ್ನೂದು ನನಗ ಗೊತ್ತಿಲ್ಲ.”

“ಹಂಗಾರ ಗೊತ್ತಿಲ್ಲ ಅಂತನ ಬರೀರಿ,” ಎಂದು ಎದ್ದಳು. ನೀಲವ್ವ ತಂದ ಚಹಾ ಹಾಗೇ ಉಳಿಯಿತು.

ಮಾಸ್ತರರು ತಪ್ಪೊಪ್ಪಿಕೊಂಡು ಪತ್ರಿಕೆಗೆ ಬರೆದರು. ಆ ಸಲ ಮೊದಲ ಬಾಗಿನ ಗೌಡರ ಮನೆಗೆ ಮರಳಿತು. ಗೌಡರ ಕಡೆಯವರು ಸುಳ್ಳುಗಾರ ಎಂದರು, ತಮ್ಮವರೆಂದುಕೊಂಡವರು ಗೌಡರಿಗೆ ಮಾರಿಕೊಂಡ ಎಂದರು. ಮಾಸ್ತರರು ಹೊನ್ನವ್ವೆಯ ಚೀಟಿಯನ್ನು ತಮ್ಮ ಕೈಯಾರೆ ಎಡ ಖಾನೆಗೆ ತಂದರು. ಮೂಲೆಯ ಊರನ್ನು ಹೊಡೆದುಹಾಕಲು ಲೇಖನಿ ಎತ್ತಿದರು. ಯಾಕೋ ಮನಸ್ಸು ಬರಲಿಲ್ಲ, ಇಳಿಸಿದರು.

“ಇಕಿ ಮ್ಯಾಲ ಒಂದ ಕಾದಂಬರೀನರ ಬರೀರಿ,” ಎಂದಳು ನೀಲವ್ವ.

“ದಣಿವಾಗೇತಿ,” ಎಂದರು.

ಎರಡು ವರ್ಷ ಬಿಟ್ಟು ಕೆರೆ ಮತ್ತೆ ತುಂಬಿತು. ಮಾಸ್ತರರು ಹಾಸಿಗೆ ಹಿಡಿದಿದ್ದರು. ದುರಗವ್ವ ಬಂದು ಬಾಗಿನದ ಮೊರವೊಂದನ್ನು ನನ್ನ ಮೇಲಿಟ್ಟಳು.

“ಈ ವರ್ಷ ಮೊದಲ ನಾವ ಬಿಟ್ವಿ ಸರ.”

“ಯಾರ ಹೆಸರ ಹೇಳಿ?”

“ಯಾರದೂ ಹೇಳ್ಲಿಲ್ರಿ. ಓಣಿ ಹೆಣ್ಮಕ್ಕಳೆಲ್ಲಾ ನೀರಿಗಿಳದು ನಿಂತ್ವಿ. ಗೌಡ್ರ ಮಂದಿ ಬಾಜೂಕ ಸರೀರಿ ಅಂದ್ರು, ಸರೀಲಿಲ್ಲ.”

ಈ ಸಲ ಅವಳು ಚಹಾ ಕುಡಿದಳು. ಅವಳು ಹೋದ ಮೇಲೆ ಮಾಸ್ತರರು ನೀಲವ್ವನಿಂದ ಒಂದು ಚೀಟಿ ಬರೆಸಿದರು: ಕಲ್ಲುಕುಟಿಗರ ದುರಗವ್ವ ಮತ್ತು ಓಣಿಯ ಹೆಂಗಸರು ಯಾರ ಹೆಸರೂ ಹೇಳದೆ ಮೊದಲ ಬಾಗಿನ ಬಿಟ್ಟರು. ಮೂಲೆಯಲ್ಲಿ ಕೆಂಚನಕೆರೆ, ತಾರೀಕು.

“ಯಾವ ಖಾನಿಗೆ?” ಎಂದಳು ನೀಲವ್ವ. ನಲವತ್ತು ವರ್ಷದಲ್ಲಿ ಆಕೆ ಹಾಗೆ ಕೇಳಿದ್ದು ಅದೊಂದೇ ಸಲ.

“ಬಲಕ್ಕ,” ಎಂದು ಅವರು ಗೋಡೆಯ ಕಡೆ ಹೊರಳಿದರು. ಅದೇ ಕೊನೆಯ ಚೀಟಿಯಾಯಿತು.

ಅವರು ತೀರಿಕೊಂಡ ಮೇಲೆ ನನ್ನನ್ನು ಒಂದು ಗ್ರಂಥಾಲಯಕ್ಕೆ ಕೊಟ್ಟರು. ಗ್ರಂಥಾಲಯದವರು ಹಾರ ಹಾಕಿ ಫೋಟೊ ತೆಗೆಸಿ ಹಿಂದಿನ ಕೋಣೆಗೆ ತಳ್ಳಿದರು. ಕೆಳಗಿನ ಮಣ್ಣಿನಿಂದ ಗೆದ್ದಲು ಹತ್ತಿ ಎಷ್ಟೋ ದಿನವಾಯಿತು. ಮೌನಪ್ಪನ ಹಲಗೆ ಒಳಗೊಳಗೇ ಟೊಳ್ಳಾಗುತ್ತಿದೆ. ಅದು ಬಿದ್ದ ದಿನ ಹೊನ್ನವ್ವೆಯೂ ದುರಗವ್ವನೂ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಎತ್ತಿಕೊಳ್ಳುವವರು ಮೂಲೆ ನೋಡುತ್ತಾರೆ. ಎರಡಕ್ಕೂ ಒಂದೇ ಊರು, ಎರಡೂ ಬಲಕ್ಕೇ ಹೋಗುತ್ತವೆ. ಬಿಡಿಸಿ ಹೇಳಲು ನನಗೆ ಬಾಯಿಲ್ಲ. ಇದ್ದಿದ್ದರೂ, ಯಾವಳನ್ನು ಬಿಡು ಎನ್ನಲಿ?