ಹುಳುಮನೆಯ ಹೊರಗೆ

ಮೂತ್ರ ಕಟ್ಟಿಕೊಂಡು, ಚಿಂತಾಮಣಿಯ ಆಸ್ಪತ್ರೆಯಲ್ಲಿ ಪೈಪು, ಚೀಲ ಹಾಕಿಸಿಕೊಂಡು ಬಂದ ದಿನದಿಂದ ಮುನಿಗಂಗಪ್ಪ ರೇಷ್ಮೆ ಹುಳುಮನೆಯೊಳಗೆ ಕಾಲಿಟ್ಟಿರಲಿಲ್ಲ. ತಮ್ಮ ಬಯ್ಯಪ್ಪನ ಹೆಂಡತಿ ಚಿಕ್ಕವೆಂಕಟಮ್ಮ ಮೆತ್ತಗೇ ಹೇಳಿದ್ದಳು.

"ಬೇಜಾರು ಮಾಡ್ಕಬೇಡಿ ಬಾವ. ಹುಳ ವಾಸನೆ ತಡಿಯಲ್ಲ. ಆ ಚೀಲ ಹೋಗೋವರ್ಗೂ ಹೊರಗೇ ಇರಿ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಬೀಡಿ ಸೇದಿ ಬಂದವರನ್ನು ಬಾಗಿಲಲ್ಲೇ ತಡೆಯುತ್ತಿದ್ದವನು ಅವನೇ. ಮದುವೆಯಾಗದ ಅವನು ಹುಳುವಿನ ಕಾಲದಲ್ಲಿ ಮಲಗುತ್ತಿದ್ದುದೂ ಹುಳು ಸಾಕುವ ಅಟ್ಟಣೆಗಳ ಪಕ್ಕದಲ್ಲೇ. ಈಗ ಜಗಲಿಯ ಮಂಚದ ಕಾಲಿಗೆ ಮೂತ್ರದ ಚೀಲ ನೇತುಹಾಕಿ, ಗೋಡೆಯಾಚೆ ಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳುತ್ತಾ ಮಲಗುತ್ತಿದ್ದ.

ಪೈಪು ತೆಗೆಸುವ ದಿನ ಒಬ್ಬನೇ ಹೊರಟ. ಹುಳುಗಳು ಪೊರೆ ಕಳಚುವ ಕೊನೆಯ ಜ್ವರದಿಂದೆದ್ದು ಹಗಲಿರುಳೂ ತಿನ್ನುವ ಸಮಯ. ಮನೆಯವರಿಗೆ ಹಿಪ್ಪುನೇರಳೆ ತೋಟ ಬಿಟ್ಟು ಕದಲುವಂತಿರಲಿಲ್ಲ.

ನರ್ಸ್ ರೂಪ ಪೈಪು ಎಳೆದು ತೆಗೆದಳು. "ಚೆನ್ನಾಗಿ ನೀರು ಕುಡೀರಿ ತಾತ. ಬಂದ್ರೆ ಈ ಮಗ್ಗಲ್ಲಿ ಹಿಡೀರಿ. ಪೂರ್ತಿ ಹೋದ್ರೆ ಪೈಪಿಲ್ದೆ ಮನೆಗೆ ಹೋಗ್ಬೋದು."

"ತಾತ ಅನ್ಬೇಡಮ್ಮ, ಇನ್ನೂ ಮದುವೇನೇ ಆಗಿಲ್ಲ."

"ಹಂಗಾದ್ರೆ ಹುಡುಗ್ರೇ ಬಿಡಿ! ಜೊತೇಲಿ ಯಾರು ಬಂದವ್ರೆ?"

"ಬಸ್ಸು."

ಅವಳು ನಕ್ಕಳು. ಅವನೂ ನಕ್ಕ.

ನೀರು ಕುಡಿದು ಕುಡಿದು ಹೊಟ್ಟೆ ಬಿಗಿಯಿತು. ಪಾಯಿಖಾನೆಯಲ್ಲಿ ನಿಂತರೆ ಹೊರಗಿನಿಂದ ಬಾಗಿಲು ಬಡಿತ. "ಏನಪ್ಪ, ಒಳಗೆ ಮನೆ ಕಟ್ತಾ ಇದೀಯಾ?" ಬರುತ್ತಿದ್ದುದೂ ನಿಂತುಹೋಯಿತು. ಮಗ್ಗನ್ನು ಟವೆಲಿನಲ್ಲಿ ಮುಚ್ಚಿಕೊಂಡು ಕಟ್ಟಡದ ಹಿಂದಿನ ಹೊಂಗೆ ಮರದ ಮರೆಗೆ ಹೋದ. ಬಹಳ ಹೊತ್ತಿನ ಮೇಲೆ, ಉರಿಯುತ್ತಾ, ಸಣ್ಣ ಧಾರೆ ಬಂತು. ಸಾಯಂಕಾಲದ ಸೊಪ್ಪು ತಾನೇ ಹಾಕಬಹುದೆಂದುಕೊಂಡು ಬೇಗಬೇಗ ವಾಪಸಾದ.

ರೂಪ ಮಗ್ಗು ನೋಡಿ, ಅವನ ಕಿಬ್ಬೊಟ್ಟೆ ಒತ್ತಿದಳು. ನಗಲಿಲ್ಲ.

"ಒಳಗೇ ಉಳ್ಕೊಂಡಿದೆ."

"ಇನ್ನೊಂದು ಸ್ವಲ್ಪ ನೀರು ಕುಡೀತೀನಮ್ಮ."

"ಹೊಟ್ಟೆ ಆಗಲೇ ಕಲ್ಲಾಗಿದೆ. ಬ್ಯಾಡ."

ಹೊಸ ಪೈಪು ಒಳಗಿಳಿಯುವಾಗ ಅವನು ಮಂಚದ ಕಂಬಿ ಹಿಡಿದು ಮೇಲಿನ ಫ್ಯಾನು ನೋಡುತ್ತಿದ್ದ. ಎರಡು ವಾರ ಮಾತ್ರೆ ನುಂಗಿ, ಆಮೇಲೆ ನೋಡಣ ಅಂದರು ಡಾಕ್ಟರು.

ಮನೆ ಸೇರುವಾಗ ಮುಚ್ಚಂಜೆ. ಚೀಲವನ್ನು ಪಂಚೆಯೊಳಗೆ ತೊಡೆಗೆ ಬಿಗಿದಿದ್ದರಿಂದ ಹೊರಗೆ ಕಾಣುತ್ತಿರಲಿಲ್ಲ. ಹುಳುಮನೆ ಬಾಗಿಲಲ್ಲಿದ್ದ ಚಿಕ್ಕವೆಂಕಟಮ್ಮನ ಮುಖ ಅರಳಿತು.

"ಹೋಯ್ತಾ ಬಾವ? ಬನ್ನಿ ಬನ್ನಿ, ಕಾಲು ಅದ್ದಿ ಒಳಗೆ ಬನ್ನಿ. ನಿಮ್ಮ ತಮ್ಮ ಒಬ್ರೇ ಒದ್ದಾಡ್ತಾವ್ರೆ."

ಹೊಸ್ತಿಲ ಮುಂದಿನ ಬ್ಲೀಚಿಂಗ್ ನೀರಲ್ಲಿ ಅವನು ಒಂದು ಕಾಲಿಟ್ಟ. ಒಳಗೆ ದೀಪ ಉರಿಯುತ್ತಿತ್ತು. ಕೆಳಗಿನ ಅಟ್ಟಣೆಯಲ್ಲಿ ಬರೀ ಕಡ್ಡಿ ಉಳಿದು, ಹುಳುಗಳು ತಲೆ ಎತ್ತಿ ಸೊಪ್ಪಿಗೆ ಕಾಯುತ್ತಿದ್ದವು. ಹೂಂ ಅಂದರೆ ಸಾಕಿತ್ತು.

ಕಾಲನ್ನು ಹಿಂದಕ್ಕೆ ತೆಗೆದ. "ಇಲ್ಲ ಕಣಮ್ಮ. ಮತ್ತೆ ಹಾಕಿದ್ರು. ಇನ್ನೂ ಎರಡು ವಾರವಂತೆ."

"ಅಷ್ಟೊತ್ತಿಗೆ ಗೂಡು ಸಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿರ್ತದೆ," ಅಂದಳು. ಅಂದ ಮೇಲೆ ಸೆರಗಿಗೆ ಕೈ ಒರೆಸಿಕೊಂಡಳು.

"ಕೆಳಗಡೆ ಸೊಪ್ಪು ಆಗೋಗಿದೆ ನೋಡು."

"ಹಾಕ್ತೀನಿ ಬಾವ. ಹುಳಕ್ಕೆ ನೊಣ ಬರ್ತದೆ..." ಎನ್ನುತ್ತಾ ಸೊಳ್ಳೆಪರದೆಯ ಬಾಗಿಲು ಎಳೆದುಕೊಂಡಳು.

ಅಂಗಳದಲ್ಲಿ ಇನ್ನೂ ಸೊಪ್ಪಿನ ಹೊರೆಗಳಿದ್ದವು. ಮುನಿಗಂಗಪ್ಪ ಒಂದನ್ನು ಬಾಗಿಲವರೆಗೆ ಎಳೆದು ತಂದಿಟ್ಟ. ವಾಸನೆಯ ಅಂಜಿಕೆಯಿಲ್ಲದೆ ಅವಳು ಬಾಗಿಲು ತೆರೆಯಲೆಂದು ಜಗಲಿಯ ಆ ಕೊನೆಗೆ ಹೋಗಿ ನಿಂತ.