ಮಹಡಿಗೊಂದು ಸಾಲು

“ಒಂದ್ಸಲ ನಿಮ್ ಜೊತೆ ಲಿಫ್ಟಲ್ಲಿ ಬಂದೇ ಬರ್ತೀನಿ, ಆಯ್ತಾ? ಈಗ ಕೈ ಬಿಡ್ರೀ!” ಮದುವೆಯ ಹೊಸತರಲ್ಲಿ ಗಂಡನಿಗೆ ಕೊಟ್ಟ ಆ ಮಾತು ಆಕೆಗೆ ನೆನಪಾದದ್ದು, ಅವನ ಶವ ಹೊತ್ತ ಸ್ಟ್ರೆಚರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಾಗ.

“ಎತ್ತಿ, ಎತ್ತಿ! ಗೋಡೆಗೆ ತಾಗ್ತಿದೆ!”

“ಗೋಡೆ ನಾನ್ ಕಟ್ಟಿದ್ನಾ ಸಾರ್?” ಒಂದನೇ ಮಹಡಿಯ ಟೈಲರ್ ಏದುಸಿರು ಬಿಟ್ಟ.

ತಾರಸಿಯ ಒಂಟಿ ಕೋಣೆಯಿಂದ ಇಳಿಯುವ ಮೆಟ್ಟಿಲು ಇಕ್ಕಟ್ಟು. ಸ್ಟ್ರೆಚರು ಮತ್ತೆ ಮೇಲಕ್ಕೇ ಬಂತು. ನಾಲ್ಕನೇ ಮಹಡಿಯ ವಕೀಲರು ಬೆವರೊರೆಸಿಕೊಂಡು, “ಲಿಫ್ಟಣ್ಣನ್ನ ಲಿಫ್ಟಲ್ಲೇ ಇಳಿಸೋಣ. ಓರೆಯಾಗಿ ನಿಲ್ಲಿಸಿ ಬೆಲ್ಟ್ ಬಿಗಿದ್ರೆ ಹಿಡಿಸುತ್ತೆ. ಜೊತೆಗೆ ಒಬ್ರು ನಿಲ್ಲಬಹುದು,” ಎಂದರು.

“ನಾನು ಅಪ್ಪನ ಜೊತೆ ಹೋಗ್ತೀನಿ,” ಎಂದಳು ಮಗಳು. “ಅಮ್ಮಾ, ನೀನು ಹೇಗೂ ಮೆಟ್ಟಿಲಲ್ಲೇ ಅಲ್ವಾ?”

ಆಕೆ ಲಿಫ್ಟಿನ ಗೇಟನ್ನೇ ನೋಡಿದಳು.

*

ಗಂಡ ಲಿಫ್ಟ್ ನಡೆಸುವ ಕೆಲಸಕ್ಕೆ ಸೇರಿ, ಈ ಕಟ್ಟಡಕ್ಕೆ ಬಂದ ಹೊಸದರಲ್ಲೇ ಲಿಫ್ಟು ಎರಡು ಮಹಡಿಗಳ ನಡುವೆ ಕೆಟ್ಟು ನಿಂತಿತ್ತು. ಒಳಗೆ ಕತ್ತಲು, ಆಕೆಯೊಬ್ಬಳೇ. ಅಂದಿನಿಂದ ತರಕಾರಿ ಚೀಲ ಹೊತ್ತರೂ ಮೆಟ್ಟಿಲು, ತುಂಬು ಬಸುರಿಯಾದರೂ ಮೆಟ್ಟಿಲು, ಮಂಡಿ ನೋವು ಬಂದ ಮೇಲೂ ಮೆಟ್ಟಿಲು. ಗಂಡ ಗೇಟು ತೆರೆದು ಕೆಳಗೆ ಕಾಯುತ್ತಿದ್ದ.

“ಬಾರೇ, ನಾನಿದೀನಲ್ಲ.”

“ಇನ್ನೊಂದಿನ.”

ಕೆಲಸ ಮುಗಿದ ಮೇಲೆ ಆತ ಒಬ್ಬನೇ ಮೇಲೆ ಬರುತ್ತಿದ್ದ. ಗೇಟಿನ ಗಡಗಡ ಸದ್ದು, ಆಮೇಲೆ ಅವನ ದನಿ: “ಇನ್ನೂ ಎಚ್ಚರ ಇದೀಯಾ?”

“ಇಲ್ಲ, ನಿದ್ದೇಲೇ ತಟ್ಟೆ ಹಾಕಿದೀನಿ. ಕೈ ತೊಳ್ಕೊಂಡ್ ಬನ್ನಿ,” ಎನ್ನುವಳು ಆಕೆ.

*

“ಕವಿ ಹೋಗ್ಬಿಟ್ರು,” ಎಂದು ಟೈಲರ್ ಬೆಲ್ಟ್ ಬಿಗಿಯುತ್ತ ಮೂಗೆಳೆದುಕೊಂಡ.

“ಯಾವ ಕವಿನಪ್ಪ?” ಆಕೆ ಬೆರಗಾದಳು.

“ಗೊತ್ತಿಲ್ವಾ ಅಕ್ಕಾ? ನಾನು ಇಳಿಯೋವಾಗೆಲ್ಲ ಗೇಟು ತೆಗೆದು ಹೇಳೋರು: ‘ಕವಿ ಆಗೋದು ಅಂದ್ರೆ ನಿಂತಲ್ಲೇ ಪ್ರಯಾಣ.’ ದಿನಾ ಇದೇ ಒಂದು ಸಾಲು!”

ಎರಡನೇ ಮಹಡಿಯ ನರ್ಸ್ ಕಣ್ಣರಳಿಸಿದಳು. “ನನಗೆ ಬೇರೆ! ‘ಹತ್ತಿದೋರು ಬಾಗಿಲು ನೋಡ್ತಾರೆ, ನಾನು ಅವರ ಮುಖ ನೋಡ್ತೀನಿ.’”

“ತಡೀರಿ, ತಡೀರಿ! ಅದು ನನ್ ಸಾಲಿನ ಮುಂದಿನ ಸಾಲು!” ಟೈಲರ್ ಕೂಗಿದ.

“ಅಯ್ಯೋ ದೇವರೇ, ನಂದೂ ಇದೆ!” ಮೂರನೇ ಮಹಡಿಯ ಟೀಚರಮ್ಮ ಜನರನ್ನು ತಳ್ಳಿಕೊಂಡು ಮುಂದೆ ಬಂದರು. “‘ಅವರವರ ಮಹಡೀಲಿ ಇಳಿಸಿ, ಅವರು ಬಿಟ್ಟುಹೋದ ಮಾತು ಆರಿಸ್ಕೋತೀನಿ.’ ನಾನು ತಮಾಷೆ ಅಂದ್ಕೊಂಡಿದ್ದೆ ಕಣ್ರೀ!”

ಎಲ್ಲರೂ ವಕೀಲರ ಕಡೆ ತಿರುಗಿದರು. ಅವರು ಗಂಟಲು ಸರಿಮಾಡಿಕೊಂಡರು. “‘ಎಲ್ಲಾ ಹೊತ್ಕೊಂಡು ಮೇಲೆ ಹೋಗಿ ಕತ್ತಲಿಗೆ ಒಂದೇ ಮಾತು ಕೇಳ್ತೀನಿ.’ ಏನ್ ಮಾತಯ್ಯಾ ಅಂದ್ರೆ, ‘ಅದು ನಮ್ಮನೆ ಮಹಡಿದು ಸಾರ್’ ಅಂತ ನಗೋನು.”

ಟೈಲರ್ ಮೊದಲಿನಿಂದ ಶುರುಮಾಡಿದ, ಉಳಿದವರು ಸಾಲಿಗೆ ಸಾಲು ಸೇರಿಸಿದರು. ಸಾವಿನ ಮನೆ ಎಂಬುದೇ ಮರೆತು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ತಟ್ಟಿ, ನಾಚಿ, ಕೈ ಇಳಿಸಿದರು.

“ಕೊನೇದು ನಿಮ್ ಹತ್ರಾನೇ ಇರ್ಬೇಕು ಅಕ್ಕಾ,” ಎಂದಳು ನರ್ಸ್.

“ನನಗೆಲ್ಲಿ ಪದ್ಯ ಹೇಳಿದ್ರು? ಬಂದ ತಕ್ಷಣ ಒಂದೇ ಮಾತು...” ಆಕೆಯ ಕೈ ಬಾಯಿಗೆ ಹೋಯಿತು. “ಅಯ್ಯೋ! ಊಟ ಕೇಳ್ತಿದಾರೆ ಅಂದ್ಕೊಂಡಿದ್ನಲ್ಲ ನಾನು!”

“ಏನಮ್ಮಾ? ಏನಂತಿದ್ರು?”

“‘ಇನ್ನೂ ಎಚ್ಚರ ಇದೀಯಾ?’”

ಟೀಚರಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಆಕೆ ಸೆರಗು ಸಿಕ್ಕಿಸಿದಳು. “ಪಕ್ಕಕ್ಕೆ ಸರ್ಕೋ ಮಗಳೇ, ನಾನೇ ಹೋಗ್ತೀನಿ. ನೀವೆಲ್ಲ ನಿಮ್ ನಿಮ್ ಮಹಡೀಲಿ ನಿಂತ್ಕೊಳ್ಳಿ. ಓಡಿ!”

ಮೆಟ್ಟಿಲ ತುಂಬ ದಡಬಡ ಕಾಲುಗಳು. ಆಕೆ ಒಳಗೆ ಹೆಜ್ಜೆಯಿಟ್ಟಳು. ಮಗಳು ಗೇಟೆಳೆದಳು. ಗಂಡ ಗುಂಡಿಗಳ ಪಕ್ಕ, ತನ್ನ ಜಾಗದಲ್ಲೇ, ಒರಗಿ ನಿಂತಿದ್ದ. ಲಿಫ್ಟು ಕುಲುಕಿದಾಗ ಆಕೆ ಅವನ ತೋಳು ಹಿಡಿದುಕೊಂಡಳು.

“ಎಚ್ಚರ ಇದೀನಿ ರೀ.”

ನಾಲ್ಕನೇ ಮಹಡಿಯ ಸರಳುಗಳಾಚೆ ವಕೀಲರು ತಮ್ಮ ಸಾಲು ಹೇಳಿದರು. ಮೂರರಲ್ಲಿ ಟೀಚರಮ್ಮ. ಎರಡರಲ್ಲಿ ನರ್ಸ್. ಒಂದರಲ್ಲಿ ಟೈಲರ್, ಇಡೀ ಕಟ್ಟಡಕ್ಕೆ ಕೇಳುವಂತೆ. ಲಿಫ್ಟು ನೆಲ ಮುಟ್ಟಿತು.

ಆಕೆ ಗಂಡನ ಜೊತೆ ಲಿಫ್ಟಿನಲ್ಲಿ ಬಂದಳು. ಕೊಟ್ಟ ಮಾತು ನಡೆಯಿತು.