ತೊಳೆದರೂ ಹೋಗದ ಚುಕ್ಕೆಗಳು

ಮನೆ ಪಕ್ಕದ ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವುದು ನನ್ನ ಕಸುಬು. ಹಾಗಾಗಿ ಅಂದು ಬೆಳಿಗ್ಗೆ ಮಗಳ ಎರಡೂ ಕಾಲುಗಳ ಮೇಲೆ ಕೆನ್ನೇರಳೆ ಚುಕ್ಕೆ ಕಂಡಾಗ ನನಗೆ ಪಿತ್ತ ನೆತ್ತಿಗೇರಿತು. ಒಂದು ಕಡೆ ಕೂರದ ಈ ಗಿರಗಿಟ್ಲೆ ಮತ್ತೆ ಬಣ್ಣದ ತೊಟ್ಟಿಗೆ ಇಳಿದಿದ್ದಾಳೆ ಎಂದುಕೊಂಡೆ.

"ನಾನು ಒಳಗೆ ಹೋಗೇ ಇಲ್ಲಮ್ಮ!"

"ಸುಳ್ಳು ಬೇರೆ!" ಎಂದು ಬಚ್ಚಲಲ್ಲಿ ನಿಲ್ಲಿಸಿ ಗಸಗಸ ತಿಕ್ಕಿದೆ. ಜಪ್ಪಯ್ಯ ಅಂದರೂ ಹೋಗಲಿಲ್ಲ. ಬೆರಳಿಗೆ ಉಬ್ಬು ತಾಕಿತು. ಬಣ್ಣ ಎಲ್ಲಾದರೂ ಉಬ್ಬುತ್ತದೆಯೇ? ಅಷ್ಟರಲ್ಲಿ ಅವಳು, "ಕಾಲೂರಕ್ಕೆ ಆಗ್ತಿಲ್ಲಮ್ಮ, ಹೊಟ್ಟೆನೂ ನೋಯ್ತಿದೆ" ಎಂದು ಅತ್ತಳು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ.

ಮಕ್ಕಳ ಡಾಕ್ಟರು ಗಾಜಿನ ಲೋಟವನ್ನು ಚುಕ್ಕೆಗಳ ಮೇಲೆ ಒತ್ತಿದರು. "ನೋಡಿ, ಒತ್ತಿದ್ರೂ ಮಾಯವಾಗ್ತಿಲ್ಲ. ಚರ್ಮದೊಳಗೆ ರಕ್ತ ಸೋರಿದೆ. ಈಚೆಗೆ ನೆಗಡಿ ಆಗಿತ್ತಾ?"

"ಎರಡು ವಾರದ ಹಿಂದೆ."

ರಕ್ತ, ಮೂತ್ರ ಪರೀಕ್ಷೆಯಾದ ಮೇಲೆ ಬಿಡಿಸಿ ಹೇಳಿದರು. ನೆಗಡಿಯ ಸೋಂಕಿನ ಮೇಲೆ ಏರಿಹೋದ ಮೈಯ ಕಾವಲು ಪಡೆ ದಾರಿ ತಪ್ಪಿ, ತನ್ನದೇ ಸಣ್ಣ ರಕ್ತನಾಳಗಳಿಗೆ ಉರಿಯೂತ ತಂದಿತ್ತಂತೆ.

ಅರೆ! ನನಗೆ ತಟ್ಟನೆ ಹೊಳೆಯಿತು. ಹೊರಗಿಂದ ಹತ್ತಿದ್ದಲ್ಲ, ಒಳಗಿಂದ ಸೋರಿದ್ದು! ಚುಕ್ಕೆ, ಕೀಲುನೋವು, ಹೊಟ್ಟೆನೋವು ಎಲ್ಲ ಒಂದೇ ಕಥೆ! ಗಾಬರಿಯ ನಡುವೆಯೂ ಕುರ್ಚಿಯಿಂದ ಎದ್ದೇಬಿಟ್ಟೆ.

"ಬಹಳಷ್ಟು ಮಕ್ಕಳಿಗೆ ತಾನಾಗೇ ವಾಸಿಯಾಗುತ್ತೆ" ಎಂದರು ಡಾಕ್ಟರು. "ಆದ್ರೆ ಕಿಡ್ನಿಗೆ ತಾಗಬಾರದು. ಆರು ತಿಂಗಳು ಮೂತ್ರದಲ್ಲಿ ರಕ್ತ ಇದೆಯಾ ನೋಡ್ತಾ ಇರಬೇಕು."

"ನೋಡ್ತೀನಿ. ಬಣ್ಣದ ವಿಷಯದಲ್ಲಿ ನನ್ನ ಕಣ್ಣು ತಪ್ಪಲ್ಲ."

"ಬೆಳಿಗ್ಗೆ ತಪ್ಪಿತಲ್ಲ!" ಎಂದು ನಕ್ಕು, ಮೂತ್ರದಲ್ಲಿ ಅದ್ದಿ ನೋಡುವ ಪರೀಕ್ಷೆಯ ಪಟ್ಟಿಗಳನ್ನು ಕೊಟ್ಟರು. "ಕಣ್ಣಿಗೆ ಕಾಣದ ರಕ್ತವೂ ಇರುತ್ತೆ. ಈ ಹಳದಿ ತುದಿ ಹಸಿರಾದ್ರೆ ತಕ್ಷಣ ಬನ್ನಿ."

ನನಗೆ ನಾಚಿಕೆಯಾಯಿತು. ಹೊರಗೆ ಬಂದು ಮಗಳಿಗೆ, "ತಪ್ಪಾಯ್ತು ಕಂದ, ನೀನು ನಿಜ ಹೇಳಿದ್ದೆ" ಎಂದೆ.

"ಕಾಲು ಉರೀತಿದೆ, ಎತ್ಕೋ" ಎಂದಳು.

ತಿಂಗಳೊಳಗೆ ಚುಕ್ಕೆ ಮಾಸಿ, ಗಿರಗಿಟ್ಲೆ ಮತ್ತೆ ತಿರುಗತೊಡಗಿತು. ನಾನು ಮಾತ್ರ ಪಟ್ಟಿ ಅದ್ದಿದಾಗಲೆಲ್ಲ ಬೆಳಕಿಗೆ ಹಿಡಿದು ಎರಡೆರಡು ಸಲ ನೋಡುತ್ತಿದ್ದೆ.

ಆರನೇ ತಿಂಗಳ ಕೊನೆಯ ಪಟ್ಟಿ ಅದ್ದಿದ ದಿನ ಇಡೀ ಕಾರ್ಖಾನೆ ಕೆಲಸ ನಿಲ್ಲಿಸಿ ನನ್ನ ಸುತ್ತ ನೆರೆಯಿತು. ಒಂದು ನಿಮಿಷ ಕಾಯಬೇಕು. ಇಪ್ಪತ್ತು ವರ್ಷ ಬಣ್ಣ ಚೆನ್ನಾಗಿ ಹತ್ತಲಿ ಎಂದೇ ಬೇಡಿಕೊಂಡ ನಾನು, ಹತ್ತದಿರಲಿ ಎಂದು ಬೇಡುತ್ತಿದ್ದೆ. ನಿಮಿಷ ಮುಗಿಯಿತು.

"ಹಳದಿ!" ಎಂದು ಹತ್ತು ಬಾಯಿ ಒಟ್ಟಿಗೆ ಕೂಗಿದವು. ನನಗೆ ಮಾತ್ರ ಏನೂ ಕಾಣಲಿಲ್ಲ, ಕಣ್ಣು ತುಂಬಿಹೋಗಿತ್ತು. ಮಗಳೇ ಪಟ್ಟಿಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು.